ಪ್ಲ್ಯಾನ್ ಏರಿಸುವ ಮೊದಲು ಆಂಟೆನಾ ಎಣಿಸಿ

ಫೋನಿನಲ್ಲಿ ಯೂಟ್ಯೂಬ್ ತಡೆಯಿಲ್ಲದೆ ಓಡುತ್ತದೆ. ಟೀವಿಯಲ್ಲಿ ಕ್ರಿಕೆಟ್ ಕೂಡ ಸರಿಯಾಗಿಯೇ ಬರುತ್ತದೆ. ಅದೇ ಮನೆಯ ಅದೇ ವೈಫೈಗೆ ಸೇರಿಸಿದ ಪುಟ್ಟ ಲ್ಯಾಪ್‌ಟಾಪ್ ಮಾತ್ರ ಒಂದು ಇಮೇಲ್ ತೆರೆಯಲು ಗಿರಗಿರ ತಿರುಗುತ್ತ ಕೂರುತ್ತದೆ. ಮೀಟಿಂಗಿನ ನಡುವೆ ನಿಮ್ಮ ದನಿ ತುಂಡುತುಂಡಾಗುತ್ತದೆ, ಅತ್ತ ಕಡೆಯಿಂದ ‘ಕೇಳಿಸ್ತಾ ಇಲ್ಲ’ ಎಂಬ ಮಾತು ಬರುತ್ತದೆ. ವಿಚಿತ್ರವೆಂದರೆ ಪರದೆಯ ಮೂಲೆಯ ವೈಫೈ ಗುರುತು ಪೂರ್ತಿ ತುಂಬಿಯೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಮೊದಲು ಮಾಡುವುದು ಇಂಟರ್‌ನೆಟ್ ಕೊಟ್ಟವರಿಗೆ ಫೋನ್. ಅವರು ‘ಪ್ಲ್ಯಾನ್ ಅಪ್‌ಗ್ರೇಡ್ ಮಾಡಿಸಿ ಸಾರ್’ ಎನ್ನುತ್ತಾರೆ. 40 ಎಂಬಿಪಿಎಸ್ ಇದ್ದದ್ದು 100 ಆಗುತ್ತದೆ, ತಿಂಗಳ ಬಿಲ್ಲೂ ಏರುತ್ತದೆ, ಲ್ಯಾಪ್‌ಟಾಪ್ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಏಕೆಂದರೆ ಕಂಪನಿಯಿಂದ ರೂಟರ್‌ವರೆಗಿನ ದಾರಿ ಬೇರೆ, ರೂಟರ್‌ನಿಂದ ಲ್ಯಾಪ್‌ಟಾಪಿಗೆ ಗಾಳಿಯಲ್ಲಿ ಸಾಗುವ ದಾರಿ ಬೇರೆ, ಲ್ಯಾಪ್‌ಟಾಪಿನ ಒಳಗಿನ ವ್ಯವಹಾರವೇ ಬೇರೆ. ಹಣ ಕೊಟ್ಟು ಅಗಲ ಮಾಡಿಸಿದ್ದು ಮೊದಲನೆಯದನ್ನು, ಕೆಟ್ಟಿರುವುದು ಎರಡನೆಯದೋ ಮೂರನೆಯದೋ. 11 ರಿಂದ 14 ಇಂಚಿನ ಅಗ್ಗದ ಲ್ಯಾಪ್‌ಟಾಪುಗಳಲ್ಲಂತೂ ನನ್ನ ಅನುಮಾನ ಮೊದಲು ಹೋಗುವುದೇ ಕೊನೆಯ ಎರಡರ ಮೇಲೆ.

ಚಿಕ್ಕ ಲ್ಯಾಪ್‌ಟಾಪಿಗೇ ಏಕೆ ಈ ಕಷ್ಟ?

ವೈಫೈ ಎಂಬುದು ರೇಡಿಯೋ. 1997ರಲ್ಲಿ ಅದರ ಮೊದಲ ಮಾನದಂಡ ಬಂದಾಗ ವೇಗ ಕೇವಲ 2 ಎಂಬಿಪಿಎಸ್. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಲು ಬಿಟ್ಟದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ಮುಕ್ತವಾದದ್ದು 2018ರಲ್ಲಿ. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅಲ್ಲಿ ವಿಪರೀತ ಜನಸಂದಣಿ. ಬ್ಲೂಟೂತ್, ವೈರ್‌ಲೆಸ್ ಮೌಸ್, ಅಕ್ಕಪಕ್ಕದ ಮನೆಗಳ ರೂಟರ್, ಮೈಕ್ರೋವೇವ್ ಒಲೆ, ಎಲ್ಲವೂ ಅದೇ ಪಟ್ಟಿಯಲ್ಲಿ. ಎರಡನೆಯದು ವೇಗದ್ದು, ನಿರಾಳವಾದದ್ದು, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ.

ದುಬಾರಿ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಎರಡು ಆಂಟೆನಾ ಇರುತ್ತವೆ. ಬೆಲೆ ಇಳಿಸಲು ಕಂಪನಿಗಳು ಮೊದಲು ಕತ್ತರಿ ಹಾಕುವ ಜಾಗಗಳಲ್ಲಿ ಇದೂ ಒಂದು. ಅಗ್ಗದ ಯಂತ್ರಗಳಲ್ಲಿ ಒಂದೇ ಆಂಟೆನಾ, ಹಳೆಯವಾದರೆ 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲ ಕಾರ್ಡು. ಇದರ ಲೆಕ್ಕ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಒಂದೇ ಆಂಟೆನಾದ ‘ಎನ್’ ಎಂಬ ವೈಫೈ ತಲೆಮಾರಿನ ಕಾರ್ಡು 2.4 ಗಿಗಾಹರ್ಟ್ಸ್‌ನಲ್ಲಿ, ಸಾಮಾನ್ಯ 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ, ರೂಟರ್ ಜೊತೆ ಕಟ್ಟಿಕೊಳ್ಳುವ ಗರಿಷ್ಠ ಸಂಪರ್ಕವೇಗ 72 ಎಂಬಿಪಿಎಸ್. ಅದು ಕಾಗದದ ಮೇಲಿನ ವೇಗ. ಕೈಗೆ ಸಿಗುವುದು ಸುಮಾರು ಅರ್ಧ, 35ರಿಂದ 45ರ ಆಸುಪಾಸು, ಅದೂ ಸಿಗ್ನಲ್ ಚೆನ್ನಾಗಿದ್ದರೆ. ಇಂಥ ಯಂತ್ರವಿದ್ದವರು 300 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿಕೊಂಡರೂ ಆ ಯಂತ್ರದಲ್ಲಿ ಕಾಣುವುದು 40. ಅದೇ ಒಂದು ಆಂಟೆನಾ ‘ಎಸಿ’ ತಲೆಮಾರಿನದಾಗಿ 5 ಗಿಗಾಹರ್ಟ್ಸ್‌ಗೆ ಸೇರಿಕೊಂಡರೆ ಸಂಪರ್ಕವೇಗ 433ಕ್ಕೆ ಹೋಗಬಲ್ಲದು.

ಇನ್ನೊಂದು ಸಂಗತಿ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಒಂದೇ ಮೈಕ್ ಇರುವ ಸಭೆಯಲ್ಲಿ ನಡೆಯುವಂತೆ. ನಿಧಾನವಾಗಿ ಮಾತಾಡುವವನು ಮೈಕ್ ಹಿಡಿದರೆ ಉಳಿದವರೆಲ್ಲ ಕಾಯಬೇಕು. ಹಾಗಾಗಿ ಮೂಲೆಕೋಣೆಯ ದುರ್ಬಲ ಲ್ಯಾಪ್‌ಟಾಪ್ ತಾನೂ ನರಳಿ, ಮನೆಯ ಉಳಿದ ಫೋನುಗಳನ್ನೂ ನರಳಿಸುತ್ತದೆ.

ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಈ ಪರೀಕ್ಷೆಗಳನ್ನು ಮಾಡಿ. ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಬಹುದು. ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

1. ರೂಟರ್ ಪಕ್ಕದಲ್ಲೇ ಕುಳಿತು ನೋಡಿ. ಒಂದೆರಡು ಮೀಟರ್ ದೂರದಲ್ಲಿ, ನಡುವೆ ಗೋಡೆಯಿಲ್ಲದೆ, ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದಾದ ಮೇಲೊಂದು ಸ್ಪೀಡ್ ಟೆಸ್ಟ್ ಮಾಡಿ. ಎರಡೂ ಚೆನ್ನಾಗಿದ್ದರೆ ನಿಮ್ಮದು ದೂರ ಮತ್ತು ಗೋಡೆಯ ಸಮಸ್ಯೆ. ಎರಡೂ ಕೆಟ್ಟದಾಗಿದ್ದರೆ ರೂಟರ್ ಅಥವಾ ಹೊರಗಿನ ಲೈನು. ಫೋನು ಚೆನ್ನಾಗಿದ್ದು ಲ್ಯಾಪ್‌ಟಾಪ್ ಮಾತ್ರ ಕೆಟ್ಟಿದ್ದರೆ ತಪ್ಪು ಲ್ಯಾಪ್‌ಟಾಪಿನದು.

2. ಫೋನಿನಿಂದ ಯುಎಸ್‌ಬಿ ಕೇಬಲ್ ಮೂಲಕ ಇಂಟರ್‌ನೆಟ್ ಕೊಡಿ. ಫೋನನ್ನು ಚಾರ್ಜಿಂಗ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ವಿಭಾಗದಲ್ಲಿರುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಈಗ ವೈಫೈ ಕಾರ್ಡಿಗೆ ಕೆಲಸವೇ ಇಲ್ಲ. ಆಗಲೂ ಪುಟಗಳು ತೆವಳಿದರೆ ವೈಫೈಯನ್ನು ಬೈಯಬೇಡಿ, ಲ್ಯಾಪ್‌ಟಾಪೇ ದಣಿದಿದೆ. ಸರಾಗವಾಗಿ ಓಡಿದರೆ ಕಾರ್ಡು, ಅದರ ಡ್ರೈವರ್ ಅಥವಾ ಆಂಟೆನಾದ ಕಡೆ ಗಮನ ಹರಿಸಿ. ಮೊಬೈಲ್ ಡೇಟಾ ಖರ್ಚಾಗಬಹುದು, ಪರೀಕ್ಷೆ ಮುಗಿದೊಡನೆ ನಿಲ್ಲಿಸಿ.

3. ಪಿಂಗ್ ಮಾಡಿ. ಇದು ಹಳೆಯ ಆಯುಧ, ಇವತ್ತಿಗೂ ಇದಕ್ಕಿಂತ ನೇರವಾದದ್ದು ಇಲ್ಲ. ರೂಟರ್‌ನ ತಳದ ಚೀಟಿಯಲ್ಲಿ 192.168.1.1 ಅಥವಾ ಅದರಂಥದೊಂದು ವಿಳಾಸ ಇರುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಅದಕ್ಕೆ ಅಂಟಿಸಿ ‘ಟಿ’ ಅಕ್ಷರ ಹಾಕಿ ಎಂಟರ್ ಒತ್ತಿ. ಸಾಲುಸಾಲಾಗಿ ಉತ್ತರ ಬರತೊಡಗುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ಎರಡು ಮೂರು ನಿಮಿಷ ಓಡಲು ಬಿಡಿ. ರೂಟರ್‌ನಿಂದ ಉತ್ತರ 10 ಮಿಲಿಸೆಕೆಂಡಿನ ಒಳಗೆ ಬರುತ್ತಿದ್ದರೆ ಗಾಳಿಯ ದಾರಿ ಚೆನ್ನಾಗಿದೆ. ಆಗಾಗ 300, 800 ಎಂದು ಜಿಗಿದರೆ ಅಥವಾ ‘ಟೈಮ್ಡ್ ಔಟ್’ ಎಂದು ಬಂದರೆ ರೂಟರ್ ಮತ್ತು ನಿಮ್ಮ ನಡುವೆಯೇ ತೊಂದರೆ. ಈಗ ವಿಳಾಸದ ಜಾಗದಲ್ಲಿ 8.8.8.8 ಎಂಬ ಹೊರಗಿನ ಇಂಟರ್‌ನೆಟ್ ವಿಳಾಸ ಹಾಕಿ. ರೂಟರ್ ಸರಿಯಾಗಿ ಉತ್ತರಿಸಿ ಇದು ಮಾತ್ರ ತಪ್ಪುತ್ತಿದ್ದರೆ ಕಂಪನಿಯ ಲೈನಿನ ದೋಷ. ಆಗ ಧೈರ್ಯವಾಗಿ ಅವರಿಗೆ ಫೋನ್ ಮಾಡಿ.

4. ಸಂಪರ್ಕದ ವಿವರ ಓದಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ವೈಫೈ, ಅದರಲ್ಲಿ ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಕೆಳಗೆ ಇಳಿದರೆ ಸಂಪರ್ಕವೇಗ, ಬ್ಯಾಂಡ್ ಅಂದರೆ ತರಂಗಪಟ್ಟಿ, ಚಾನೆಲ್ ಕಾಣುತ್ತವೆ. ರೂಟರ್ ಪಕ್ಕದಲ್ಲೇ ಇದ್ದರೂ 72ಕ್ಕಿಂತ ಮೇಲೆ ಹೋಗುತ್ತಿಲ್ಲವಾದರೆ, ಬ್ಯಾಂಡ್ 2.4 ಎಂದಿದ್ದರೆ, ಬಹುಶಃ ನಿಮ್ಮದು ಒಂಟಿ ಆಂಟೆನಾ. 10, 20 ಎಂದು ತೋರಿಸಿದರೆ ಮಾತ್ರ ಏನೋ ಕೆಟ್ಟಿದೆ ಎಂದರ್ಥ.

ಮೂಲೆಯ ಗುರುತು ತುಂಬಿದ್ದರೂ ವೇಗ ಇಲ್ಲ ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆ ಗುರುತು ಹೇಳುವುದು ರೂಟರ್‌ನ ದನಿ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ಸುತ್ತ ಎಷ್ಟು ಗದ್ದಲವಿದೆ, ನಿಮ್ಮ ಪುಟ್ಟ ಆಂಟೆನಾದ ದನಿ ರೂಟರ್‌ಗೆ ವಾಪಸ್ ಮುಟ್ಟುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಆಂಡ್ರಾಯ್ಡ್ ಫೋನಿನ ವೈಫೈ ಅನಲೈಜರ್ ಆ್ಯಪ್‌ಗಳು ಸಿಗ್ನಲ್ಲನ್ನು ಋಣಸಂಖ್ಯೆಯಲ್ಲಿ ತೋರಿಸುತ್ತವೆ. ಮೈನಸ್ 50 ಬಹಳ ಒಳ್ಳೆಯದು, ವಿಡಿಯೋ ಕರೆಗೆ ಮೈನಸ್ 67ರವರೆಗೆ ನಡೆಯುತ್ತದೆ, ಮೈನಸ್ 80 ಎಂದರೆ ಆಸೆ ಬಿಡಬೇಕು.

ಗಾಳಿಯ ದಾರಿ ಸರಿಪಡಿಸುವುದು

ಇಲ್ಲಿ ಖರ್ಚಿಲ್ಲದೆ ಆಗುವ ಕೆಲಸ ಬಹಳ. ನಮ್ಮ ಮನೆಗಳಲ್ಲಿ ರೂಟರ್ ಕೂರುವ ಜಾಗವನ್ನು ಆರಿಸುವವರು ನಾವಲ್ಲ, ಕೇಬಲ್ ಎಳೆಯಲು ಬಂದ ಹುಡುಗ. ಕಿಟಕಿಯಿಂದ ವೈರ್ ತೂರಿದ ಜಾಗದಲ್ಲೇ, ಟೀವಿ ಶೋಕೇಸಿನ ಹಿಂದೆಯೋ ಬೀರುವಿನ ಮೇಲೆಯೋ ಅದನ್ನು ಇಟ್ಟು ಹೋಗುತ್ತಾನೆ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ಇವೆಲ್ಲ ರೇಡಿಯೋ ತರಂಗಕ್ಕೆ ಶತ್ರುಗಳು. ಲೋಹ ತಿರುಗಿಸಿ ಕಳಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ ತಾರಸಿ ಇವುಗಳೆದುರು 5 ಗಿಗಾಹರ್ಟ್ಸ್ ಸೋಲುತ್ತದೆ. ಊರಿನ ಉದ್ದ ಮನೆಯಲ್ಲಿ ಚಾವಡಿಯ ರೂಟರ್‌ನಿಂದ ಹಿತ್ತಲ ಕೋಣೆಗೆ ಸಿಗ್ನಲ್ ಬರಲಿಲ್ಲವೆಂದರೆ ಅದು ಯಾರ ಮೋಸವೂ ಅಲ್ಲ.

1. ರೂಟರನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಬಯಲಾಗಿ, ನೀವು ಕೆಲಸ ಮಾಡುವ ಕೋಣೆಗೆ ಹತ್ತಿರವಾಗಿ ಇಡಿ. ಫೈಬರ್ ಸಂಪರ್ಕವಾದರೆ ಆ ತೆಳ್ಳನೆಯ ಹಳದಿ ಅಥವಾ ಬಿಳಿ ವೈರನ್ನು ನೀವೇ ಮಡಚಿ ಎಳೆಯಬೇಡಿ. ಒಳಗಿರುವುದು ಗಾಜಿನ ಎಳೆ. ಚೂಪಾಗಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ಜಾಗ ಬದಲಿಸಬೇಕಾದರೆ ಲೈನಿನವರನ್ನೇ ಕರೆಯಿರಿ.

2. ಲ್ಯಾಪ್‌ಟಾಪನ್ನು ಒಂದು ಗೇಣು ಸರಿಸಿ ನೋಡಿ. ಹುಚ್ಚು ಸಲಹೆಯೆನಿಸಬಹುದು, ಕಾರಣ ಇದೆ. ತರಂಗಗಳು ಗೋಡೆಗೆ ಬಡಿದು ಹಲವು ದಾರಿಯಲ್ಲಿ ಬಂದು ಸೇರುತ್ತವೆ; ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, 5ರದ್ದು ಸುಮಾರು 6. ಎರಡು ಆಂಟೆನಾ ಇದ್ದರೆ ಒಂದು ಕುರುಡು ಜಾಗದಲ್ಲಿದ್ದರೂ ಇನ್ನೊಂದು ಹಿಡಿಯುತ್ತದೆ. ಒಂಟಿ ಆಂಟೆನಾಕ್ಕೆ ಆ ಅದೃಷ್ಟವಿಲ್ಲ. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಆಂಟೆನಾ ಇರುವುದು ಪರದೆಯ ಮೇಲಂಚಿನಲ್ಲಿ, ಹಾಗಾಗಿ ಪರದೆಯನ್ನು ತುಸು ವಾಲಿಸಿದರೂ ವ್ಯತ್ಯಾಸ ಕಂಡೀತು.

3. ಲ್ಯಾಪ್‌ಟಾಪಿನ ಕಾರ್ಡಿಗೆ 5 ಗಿಗಾಹರ್ಟ್ಸ್ ಗೊತ್ತಿದೆಯೇ ನೋಡಿ. ರೂಟರ್‌ನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ಹಲವು ಸಲ ಸೋಮಾರಿಯಂತೆ 2.4ಕ್ಕೇ ಅಂಟಿಕೊಳ್ಳುತ್ತದೆ. ರೂಟರ್ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆಬೇರೆ ಹೆಸರು ಕೊಡಿ. ಒಂದೇ ಕೋಣೆಯಲ್ಲಿದ್ದರೆ ಅಥವಾ ನಡುವೆ ಒಂದೇ ಗೋಡೆಯಿದ್ದರೆ 5ಕ್ಕೆ ಸೇರಿಸಿ, ದೂರದ ಕೋಣೆಗೆ 2.4 ಉಳಿಸಿಕೊಳ್ಳಿ.

4. 2.4ರಲ್ಲೇ ಇರಬೇಕಾದವರು ಚಾನೆಲ್ ಬದಲಿಸಬೇಕು. ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಆದರೆ ಪಕ್ಕಪಕ್ಕದವು ಒಂದರ ಮೇಲೊಂದು ಹಾಯುತ್ತವೆ. ಒಂದಕ್ಕೊಂದು ತಾಗದವೆಂದು ಸಾಮಾನ್ಯವಾಗಿ ಬಳಸುವುದು 1, 6, 11. ಅನಲೈಜರ್ ಆ್ಯಪ್‌ನಲ್ಲಿ ಈ ಮೂರರಲ್ಲಿ ಯಾವುದು ಖಾಲಿಯಿದೆ ನೋಡಿ ಅದನ್ನು ಆರಿಸಿ. ಯಾರೂ ಇಲ್ಲವೆಂದು 3 ಅಥವಾ 4 ಆರಿಸುವುದು ಜಾಣತನವಲ್ಲ. ಎರಡೂ ಕಡೆಯವರ ಗದ್ದಲ ನಿಮ್ಮ ಮೇಲೆ ಬೀಳುತ್ತದೆ. ಅಗಲವನ್ನು 20 ಮೆಗಾಹರ್ಟ್ಸ್‌ಗೇ ಇಡಿ. ಅಪಾರ್ಟ್‌ಮೆಂಟಿನಲ್ಲಿ 40 ಇಡುವುದು ಹೆಸರಿಗೆ ವೇಗ, ವಾಸ್ತವದಲ್ಲಿ ತಂಟೆ.

5. ಸುರಕ್ಷತೆಯ ಬಗೆ ಡಬ್ಲ್ಯೂಪಿಎ2, ಎಇಎಸ್ ಎಂದಿರಲಿ. ಹಳೆಯ ಡಬ್ಲ್ಯೂಇಪಿ ಅಥವಾ ಟಿಕೆಐಪಿ ಇದ್ದರೆ ಪಾಸ್‌ವರ್ಡ್ ಸುಲಭವಾಗಿ ಒಡೆಯುವುದಷ್ಟೇ ಅಲ್ಲ, ವೇಗವೂ 54 ಎಂಬಿಪಿಎಸ್‌ನ ಹಳೆಯ ಮಿತಿಗೆ ಇಳಿದುಬಿಡುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನು ಯುಎಸ್‌ಬಿಯ ಮಾತು. ಹೊರಗಿನ ಹಾರ್ಡ್‌ಡಿಸ್ಕನ್ನೋ ನಾಲ್ಕಾರು ತೂತಿನ ಯುಎಸ್‌ಬಿ ಹಬ್ ಅನ್ನೋ ಸಿಕ್ಕಿಸಿದೊಡನೆ ವೈಫೈ ಸತ್ತುಹೋಗುವುದನ್ನು ಗಮನಿಸಿದ್ದೀರಾ? ಇದು ಭ್ರಮೆಯಲ್ಲ. ಯುಎಸ್‌ಬಿ 3 ಸಾಧನಗಳು ಮತ್ತು ಕೇಬಲ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಹೊರಡಿಸುತ್ತವೆಂದು 2012ರಲ್ಲಿ ಇಂಟೆಲ್ ಕಂಪನಿಯೇ ಪ್ರಬಂಧ ಹೊರತಂದು ತೋರಿಸಿತ್ತು. ಚಿಕ್ಕ ಲ್ಯಾಪ್‌ಟಾಪಿನಲ್ಲಿ ತೂತಿಗೂ ಆಂಟೆನಾಕ್ಕೂ ದೂರ ಕಡಿಮೆ, ಹಾಗಾಗಿ ಪೆಟ್ಟು ಜಾಸ್ತಿ. ಡಿಸ್ಕನ್ನು ಉದ್ದನೆಯ ಒಳ್ಳೆಯ ಕೇಬಲ್ಲಿನಲ್ಲಿ ದೂರ ಇಡಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಹೋಗಿ.

ಬ್ಲೂಟೂತ್ ಹೆಡ್‌ಫೋನ್ ಕೂಡ ಹೀಗೆಯೇ. ಅಗ್ಗದ ಯಂತ್ರಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡಿನಲ್ಲಿದ್ದು, ಒಂದೇ ಆಂಟೆನಾವನ್ನು ಸರದಿಯಲ್ಲಿ ಹಂಚಿಕೊಳ್ಳುತ್ತವೆ. ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿಗೆ ಕೂತಾಗಲೇ ಸಂಪರ್ಕ ಹದಗೆಡುತ್ತದೆಂದರೆ ಕಾರಣ ಇದೇ ಇರಬಹುದು. ಒಂದು ದಿನ ವೈರಿನ ಇಯರ್‌ಫೋನ್ ಹಾಕಿ ನೋಡಿ.

ಲ್ಯಾಪ್‌ಟಾಪಿನ ಒಳಗೆ

ಪ್ರತಿಯೊಂದನ್ನೂ ಒಂದೊಂದಾಗಿ ಮಾಡಿ, ಮಾಡಿದ ಮೇಲೆ ಪರೀಕ್ಷಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ.

1. ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಸಿಕ್ಕಿಬಿದ್ದ ವೈಫೈ ಡ್ರೈವರ್ ಹಾಗೆಯೇ ಎದ್ದು ಕೂರುತ್ತದೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟಿನಲ್ಲಿ.

2. ವಿದ್ಯುತ್ ಉಳಿತಾಯ ನಿಲ್ಲಿಸಿ. ಬ್ಯಾಟರಿ ಉಳಿಸಲು ವಿಂಡೋಸ್ ವೈಫೈ ಕಾರ್ಡನ್ನು ಆಗಾಗ ಮಲಗಿಸುತ್ತದೆ. ಕೆಲವು ಅಗ್ಗದ ಕಾರ್ಡುಗಳು ಮಲಗಿದ ಮೇಲೆ ಸರಿಯಾಗಿ ಏಳುವುದಿಲ್ಲ. ಚಾರ್ಜರ್ ಹಾಕಿದಾಗ ಚೆನ್ನಾಗಿದ್ದು ಬ್ಯಾಟರಿಯಲ್ಲಿ ಕೈಕೊಡುತ್ತದೆ ಎಂದಾದರೆ ಇದೇ ರೋಗ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಹೆಸರಿನ ಮೇಲೆ ಎರಡು ಬಾರಿ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಬಿಡುವ ಸಾಲಿನ ಟಿಕ್ ತೆಗೆಯಿರಿ. ಕೆಲವು ಹೊಸ ಯಂತ್ರಗಳಲ್ಲಿ ಆ ಪುಟವೇ ಇರುವುದಿಲ್ಲ. ಆಗ ಗಾಬರಿ ಬೇಡ, ಮುಂದಿನದಕ್ಕೆ ಹೋಗಿ.

3. ಅದೇ ಕಿಟಕಿಯ ಅಡ್ವಾನ್ಸ್ಡ್ ಪುಟದಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಇದ್ದರೆ 5 ಗಿಗಾಹರ್ಟ್ಸ್ ಆರಿಸಿ. ಅಲ್ಲಿರುವ ಉಳಿದ ಹತ್ತಿಪ್ಪತ್ತು ಸಾಲುಗಳನ್ನು ಮುಟ್ಟಬೇಡಿ.

4. ಡ್ರೈವರ್ ನೋಡಿ. ಹೊಸದು ಹಾಕುವಾಗ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸೈಟಿನಿಂದ, ನಿಮ್ಮ ಮಾಡೆಲ್ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ. ಒಂದು ಅಪ್‌ಡೇಟಿನ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಮಾಡಬೇಕಾದ್ದು ತದ್ವಿರುದ್ಧ: ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಿಂದಿನದಕ್ಕೆ ಮರಳಿ. ‘ನಿಮ್ಮ ಎಲ್ಲ ಡ್ರೈವರ್‌ಗಳನ್ನು ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆ’ ಎನ್ನುವ ಸಾಫ್ಟ್‌ವೇರುಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

5. ಹಿನ್ನೆಲೆಯಲ್ಲಿ ಯಾರು ತಿನ್ನುತ್ತಿದ್ದಾರೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೆಟ್‌ವರ್ಕ್ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುವವರು ಮೇಲೆ ಬರುತ್ತಾರೆ. ಒನ್‌ಡ್ರೈವ್ ನಿಮ್ಮ ಫೋಟೋಗಳನ್ನು ಏರಿಸುತ್ತಿರಬಹುದು, ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರಬಹುದು. ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ಇಂಥ ಇಳಿಕೆ ಬಹುಮಟ್ಟಿಗೆ ನಿಲ್ಲುತ್ತದೆ.

6. ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಮತ್ತು ಡಿಸ್ಕ್ ಕಾಲಂ ಕೂಡ ನೋಡಿ. ಸ್ಪೀಡ್ ಟೆಸ್ಟ್ 40 ತೋರಿಸುತ್ತದೆ, ಆದರೆ ಪುಟ ತೆರೆಯಲು ಅರ್ಧ ನಿಮಿಷ. ಮೆಮೊರಿ ಶೇ 90 ದಾಟಿದೆ. ಇದು ಇಂಟರ್‌ನೆಟ್ಟಿನ ತಪ್ಪಲ್ಲ. 4 ಜಿಬಿ ರ‍್ಯಾಮಿನ ಯಂತ್ರದಲ್ಲಿ ಕ್ರೋಮ್‌ನ ಹದಿನೈದು ಟ್ಯಾಬ್ ತೆರೆದಿಟ್ಟು ವೈಫೈಯನ್ನು ದೂರುವವರು ಬಹಳ. ಟ್ಯಾಬ್ ಮುಚ್ಚಿ, ಬೇಡದ ಎಕ್ಸ್‌ಟೆನ್ಷನ್ ತೆಗೆಯಿರಿ, ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ಕಿತ್ತುಹಾಕಿ. ಸಾಧ್ಯವಿದ್ದರೆ ರ‍್ಯಾಮ್ ಏರಿಸಿ. ತೀರ ಅಗ್ಗದವುಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ, ವಿಚಾರಿಸಿಕೊಳ್ಳಿ.

7. ಗಡಿಯಾರ ನೋಡಿ. ಬಹುಕಾಲ ಬಳಸದೆ ಬ್ಯಾಟರಿ ಪೂರ್ತಿ ಇಳಿದ ಲ್ಯಾಪ್‌ಟಾಪಿನಲ್ಲಿ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ಯಾಂಕು, ಇಮೇಲ್ ಯಾವ ಸುರಕ್ಷಿತ ಸೈಟೂ ತೆರೆಯುವುದಿಲ್ಲ. ಕಾಲೇಜಿನ ಮಕ್ಕಳಿಗೆ ಸರ್ಕಾರದಿಂದ ಬಂದು ಕಪಾಟು ಸೇರಿದ ಲ್ಯಾಪ್‌ಟಾಪುಗಳನ್ನು ಮತ್ತೆ ತೆಗೆದವರು ಇದನ್ನು ಮೊದಲು ನೋಡಬೇಕು.

8. ಇಷ್ಟಾದರೂ ಆಗದಿದ್ದರೆ ಕೊನೆಯ ಅಸ್ತ್ರ ನೆಟ್‌ವರ್ಕ್ ರೀಸೆಟ್. ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೆಲ್ಲ ಅಳಿಸಿಹೋಗುತ್ತವೆ, ಆಫೀಸಿನ ವಿಪಿಎನ್ ಇದ್ದರೆ ಮತ್ತೆ ಹಾಕಬೇಕಾಗುತ್ತದೆ.

ವೈಫೈ ಗುರುತೇ ಮಾಯವಾಗಿದ್ದರೆ? ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು ಬಿಡಿ, ಆಮೇಲೆ ಆನ್ ಮಾಡಿ. ಹೆಪ್ಪುಗಟ್ಟಿ ಕೂತ ಕಾರ್ಡು ಇದರಿಂದ ಏಳುವುದುಂಟು. ಅದಕ್ಕೂ ಮೊದಲು ಕೀಬೋರ್ಡಿನ ವಿಮಾನದ ಚಿತ್ರದ ಕೀಲಿ ತಪ್ಪಿ ಒತ್ತಿದೆಯೇ ನೋಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಖಂಡಿತ ನೋಡಿ.

ಲಿನಕ್ಸ್ ಬಳಸುವವರಿಗೊಂದು ಮಾತು: ರಿಯಲ್‌ಟೆಕ್ 8723ಬಿಇ ಕಾರ್ಡಿರುವ ಕೆಲವು ಹಳೆಯ ಎಚ್‌ಪಿ ಯಂತ್ರಗಳಲ್ಲಿ ಆಂಟೆನಾ ಒಂದು ಕಡೆ, ಡ್ರೈವರ್ ಹುಡುಕುವುದು ಇನ್ನೊಂದು ಕಡೆ. ರೂಟರ್ ಪಕ್ಕದಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಡ್ರೈವರಿನ ಆಂಟೆನಾ ಆಯ್ಕೆಯ ಮೌಲ್ಯವನ್ನು 1 ಅಥವಾ 2 ಎಂದು ಬದಲಿಸಿದರೆ ಸರಿಹೋಗುತ್ತದೆ.

ರಿಪೇರಿ ಆದ ಮೇಲೆ ಶುರುವಾಯಿತೇ?

ಇದನ್ನು ಬೇರೆಯಾಗಿಯೇ ಹೇಳಬೇಕು. ಪರದೆ ಬದಲಿಸಿದ, ಹಿಂಜ್ ಕೂಡಿಸಿದ, ಕೀಬೋರ್ಡ್ ಅಥವಾ ಎಸ್‌ಎಸ್‌ಡಿ ಹಾಕಿಸಿದ ಮರುದಿನದಿಂದ ವೈಫೈ ಕುಂಟುತ್ತಿದ್ದರೆ ಸಾಫ್ಟ್‌ವೇರ್ ತಡಕಾಡಬೇಡಿ. ವೈಫೈ ಕಾರ್ಡಿಗೆ ಪರದೆಯಿಂದ ಕೂದಲೆಳೆಯಂಥ ಕಪ್ಪು, ಬಿಳಿ ಆಂಟೆನಾ ವೈರುಗಳು ಹಿಂಜ್ ಮೂಲಕ ಇಳಿದುಬಂದು ಪುಟ್ಟ ಗುಂಡಿಯಂತೆ ಕೂರುತ್ತವೆ. ಅದನ್ನು ಮತ್ತೆ ಒತ್ತಿ ಕೂರಿಸಲು ಮರೆತಿರುತ್ತಾರೆ, ಇಲ್ಲವೇ ಹಿಂಜ್‌ನಲ್ಲಿ ವೈರ್ ಜಜ್ಜಿಹೋಗಿರುತ್ತದೆ. ಅಂಗಡಿಗೆ ವಾಪಸ್ ಹೋಗಿ, ‘ಆಂಟೆನಾ ವೈರ್ ಕೂತಿದೆಯಾ ನೋಡಿ’ ಎಂದು ಆ ಮಾತನ್ನೇ ಹೇಳಿ. ಬರಿದೆ ‘ನೆಟ್ ಸ್ಲೋ’ ಎಂದರೆ ವಿಂಡೋಸ್ ಹೊಸದಾಗಿ ಹಾಕಿ ಹಣ ಕೇಳುತ್ತಾರೆ. ವಾರಂಟಿ ಇರುವ ಯಂತ್ರವನ್ನು ನೀವೇ ಬಿಚ್ಚಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ರೂಟರ್ ಹಿಂದಿನ ರೀಸೆಟ್ ತೂತಿಗೆ ಪಿನ್ನು ಚುಚ್ಚುವುದು. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ಕಂಪನಿಯವರು ತುಂಬಿದ ಲಾಗಿನ್ ಹೆಸರು, ಲೈನಿನ ಸೆಟ್ಟಿಂಗು ಎಲ್ಲ ಅಳಿಸಿಹೋಗಿ, ಅವರು ಬರುವತನಕ ಮನೆಯಲ್ಲಿ ಇಂಟರ್‌ನೆಟ್ಟೇ ಇರುವುದಿಲ್ಲ. ರೂಟರ್‌ನ ಯಾವ ಪುಟ ಬದಲಿಸುವ ಮೊದಲೂ ಫೋನಿನಲ್ಲಿ ಅದರ ಫೋಟೋ ತೆಗೆದಿಡಿ.

ಎಂಬಿಪಿಎಸ್ ಅನ್ನು ಮೆಗಾಬೈಟ್ ಎಂದು ತಿಳಿಯುವುದು. 100 ಎಂಬಿಪಿಎಸ್ ಲೈನಿನಲ್ಲಿ ಫೈಲ್ ಇಳಿಯುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ‘ನೂರು ಅಂದರು, ಹನ್ನೆರಡು ಬರ್ತಿದೆ’ ಎಂದು ಜಗಳ ಕಾಯುವ ಮುನ್ನ ಎಂಟರಿಂದ ಭಾಗಿಸಿ.

ಅಗ್ಗದ ರಿಪೀಟರ್ ತಂದು, ಸಿಗ್ನಲ್ ಸಿಗದ ಕೋಣೆಯಲ್ಲೇ ಇಡುವುದು. ಅದಕ್ಕೇ ಸಿಗ್ನಲ್ ಸಿಗದಿದ್ದರೆ ನಿಮಗೇನು ಕೊಟ್ಟೀತು? ದಾರಿಯ ಮಧ್ಯದಲ್ಲಿಡಬೇಕು. ಒಂದೇ ಬ್ಯಾಂಡಿನದಾದರೆ ಕೇಳಿಸಿಕೊಳ್ಳುವುದೂ ಹೇಳುವುದೂ ಒಂದೇ ಚಾನೆಲ್ಲಿನಲ್ಲಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಆ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಹಳೆಯ ರೂಟರ್ ಕೂರಿಸುವುದು ಎಷ್ಟೋ ವಾಸಿ.

ಹಣ ಖರ್ಚು ಮಾಡುವುದಾದರೆ

ಯಾವಾಗಲೂ ಮೇಜಿನ ಮೇಲೇ ಕೆಲಸ ಮಾಡುವವರಿಗೆ ನನ್ನ ಮೊದಲ ಸಲಹೆ ವೈಫೈಯೇ ಅಲ್ಲ: ಒಂದು ಯುಎಸ್‌ಬಿಯಿಂದ ಲ್ಯಾನ್ ಅಡಾಪ್ಟರ್, ಒಂದು ಕ್ಯಾಟ್ 5ಇ ಕೇಬಲ್. ಸಂದರ್ಶನ, ಆನ್‌ಲೈನ್ ಪರೀಕ್ಷೆ ಇರುವವರು ಇದನ್ನು ಇಟ್ಟುಕೊಳ್ಳಲೇಬೇಕು. ಓಡಾಡಿಕೊಂಡು ಬಳಸುವವರಿಗೆ ಎರಡೂ ಬ್ಯಾಂಡ್ ಬಲ್ಲ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕು; ಉಗುರಿನಷ್ಟು ಚಿಕ್ಕದಕ್ಕಿಂತ ಹೊರಗೆ ಆಂಟೆನಾ ಚಾಚಿದ್ದು ಮೇಲು. ಒಳಗಿನ ಕಾರ್ಡನ್ನೇ ಬದಲಿಸುವುದಾದರೆ ಎಚ್ಚರ: ಕೆಲವು ಯಂತ್ರಗಳಲ್ಲಿ ಅದು ಬೋರ್ಡಿಗೆ ಬೆಸೆದಿರುತ್ತದೆ, ಕೆಲವು ಹಳೆಯವು ಬೇರೆ ಕಾರ್ಡನ್ನು ಒಪ್ಪುವುದಿಲ್ಲ. ಇಂಟೆಲ್ ಎಎಕ್ಸ್201ರಂಥವು ಇಂಟೆಲ್‌ನದೇ ಕೆಲವು ತಲೆಮಾರಿನ ಪ್ರೊಸೆಸರ್ ಇದ್ದರೆ ಮಾತ್ರ ನಡೆಯುತ್ತವೆ, ಎಎಕ್ಸ್210 ಎಎಂಡಿ ಯಂತ್ರದಲ್ಲೂ ನಡೆಯುತ್ತದೆ. ಎರಡನೆಯ ಆಂಟೆನಾ ವೈರೇ ಇಲ್ಲದ ಯಂತ್ರಕ್ಕೆ ದುಬಾರಿ ಕಾರ್ಡು ಹಾಕಿದರೂ ಪೂರ್ತಿ ಲಾಭ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾರ್ಡು ಕೊಳ್ಳುವ ಮುನ್ನ ಲ್ಯಾಪ್‌ಟಾಪ್ ಬಿಚ್ಚಿಸಿ ವೈರ್ ಎಣಿಸಿಕೊಳ್ಳಿ.

ರೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದು, ಎಲ್ಲರ ಸಂಪರ್ಕವೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದರೆ ಅದರ ಪವರ್ ಅಡಾಪ್ಟರ್ ಸೋತಿರಬಹುದು. ಅದರ ಮೇಲೆ ಬರೆದಿರುವಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನದನ್ನು ತನ್ನಿ. ಕರೆಂಟು ಪದೇಪದೇ ಹೋಗುವ ಊರಿನಲ್ಲಿ ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿಸಿ.

ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಅಥವಾ 8.8.8.8ರ ಪಿಂಗ್ ಮಾತ್ರ ಸೋಲುತ್ತಿದ್ದರೆ ಕೆಲಸ ಕಂಪನಿಯದು. ಫೋನ್ ಮಾಡುವಾಗ ಮೊದಲು ಬರೆದಿಟ್ಟ ಚೀಟಿ ಕೈಯಲ್ಲಿರಲಿ: ಯಾವ ದಿನ, ಯಾವ ಹೊತ್ತು, ರೂಟರ್‌ನ ಪಿಂಗ್ ಎಷ್ಟು, ಹೊರಗಿನದು ಎಷ್ಟು. ಹೀಗೆ ಹೇಳಿದವರಿಗೆ ಪ್ಲ್ಯಾನ್ ಮಾರುವುದು ಕಷ್ಟ. ದೂರು ದಾಖಲಾದ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ. ಮೇಲಿನವರಿಗೆ ಹೋಗಬೇಕಾಗಿ ಬಂದರೆ ಮೊದಲು ಕೇಳುವುದೇ ಆ ಸಂಖ್ಯೆಯನ್ನು.